ಡಾಕ್ಟರ್, ನರ್ಸ್, ಫಾರ್ಮಸಿ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯಬೇಕಾ?

ನರ್ಸಿಂಗ್ ಟೀಚರ್
ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯ ಎಲ್ಲವೂ ಒಂದೇ ಆಡಳಿತದ ಕೆಳಗೆ ಇರುತ್ತವೆ. ಆದ್ರೂ ನರ್ಸಿಂಗ್ ಓದುವವರು ಮೆಡಿಕಲ್ ವಿದ್ಯಾರ್ಥಿಗಳ ಜೊತೆ ಕೂತು ಒಂದೇ ಒಂದು ಕೇಸ್ ಚರ್ಚಿಸದೆ ಡಿಗ್ರಿ ಮುಗಿಸಿಬಿಡಬಹುದು. ಕೆಲಸಕ್ಕೆ ಸೇರಿದ ಮೊದಲ ನೈಟ್ ಡ್ಯೂಟಿಯಲ್ಲೇ ಇಬ್ಬರೂ ಒಬ್ಬ ರೋಗಿಯ ಪಕ್ಕ ನಿಲ್ಲಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇದಕ್ಕೊಂದು ಚೌಕಟ್ಟು ಕೊಟ್ಟಿದೆ. ಬೇರೆ ಬೇರೆ ವೃತ್ತಿಯವರು ಪರಸ್ಪರರ ಬಗ್ಗೆ, ಪರಸ್ಪರರಿಂದ, ಪರಸ್ಪರರ ಜೊತೆ ಕಲಿಯಬೇಕು ಅನ್ನುತ್ತದೆ ಅದು. ಜಂಟಿ ಕಲಿಕೆ ಕಡ್ಡಾಯ ಆಗಬೇಕು ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?

ಮೆಡಿಕಲ್ ಮೂರನೇ ವರ್ಷ
ಮೇಡಂ, ಉದ್ದೇಶ ಒಳ್ಳೆಯದೇ. ಆದ್ರೆ ನಡೆಯುವುದು ಹೇಗೆ ಅಂದ್ರೆ, ಎಲ್ಲ ಕಾಲೇಜಿನವರನ್ನೂ ಒಂದು ದೊಡ್ಡ ಹಾಲ್‌ನಲ್ಲಿ ಕೂರಿಸಿ ಅನಾಟಮಿ ಪಾಠ ಮಾಡುತ್ತಾರೆ. ನಮಗೆ ಬೇಕಾದ ಆಳ ಬೇರೆ, ಫಿಸಿಯೋದವರಿಗೆ ಬೇಕಾದ ಆಳ ಬೇರೆ. ಸ್ನಾಯು, ಕೀಲಿನ ವಿಷಯದಲ್ಲಿ ಅವರಿಗೇ ನಮಗಿಂತ ಜಾಸ್ತಿ ವಿವರ ಬೇಕು. ಕೊನೆಗೆ ಯಾರಿಗೂ ಪೂರ್ತಿ ಸಿಗಲ್ಲ. ಸಿಲಬಸ್ ಈಗಲೇ ತುಂಬಿ ತುಳುಕುತ್ತಿದೆ.

ಫಾರ್ಮಸಿ ಓದಿದವಳು
ಒಂದೇ ಹಾಲ್‌ನಲ್ಲಿ ಕೂತು ಪಾಠ ಕೇಳೋದು ಜಂಟಿ ಕಲಿಕೆ ಅಲ್ಲವೇ ಅಲ್ಲ. ಅದರಿಂದ ಸಂಬಳದ ಖರ್ಚು ಉಳಿಯಬಹುದು, ಅಷ್ಟೇ.

ನಿಜವಾದ ಜಂಟಿ ಕಲಿಕೆಗೆ ಒಂದು ಉದಾಹರಣೆ ಕೊಡ್ತೀನಿ. ಮೆಥೋಟ್ರೆಕ್ಸೇಟ್ ಮಾತ್ರೆ ತಗೊಳ್ಳಿ. ಸಂಧಿವಾತಕ್ಕೆ ಕೊಡುವಾಗ ಅದು ವಾರಕ್ಕೆ ಒಂದೇ ಸಲ. ಬೇರೆ ಎಲ್ಲ ಮಾತ್ರೆಗಳ ಹಾಗೆ ದಿನಾ ಅಂತ ಬರೆದರೆ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣ ಆಗೋದೇ ನಿಂತುಹೋಗಿ ರೋಗಿ ಸಾಯಬಹುದು. ಹಲವು ದೇಶಗಳಲ್ಲಿ ಹೀಗೆ ಸಾವುಗಳಾಗಿವೆ. ಈಗ ಹಾಗೆ ತಪ್ಪಾಗಿ ಬರೆದ ಔಷಧ ಚೀಟಿಯನ್ನು ಮೂವರು ವಿದ್ಯಾರ್ಥಿಗಳ ಮುಂದೆ ಇಡಿ. ಮೆಡಿಕಲ್‌ನವರು ಕಾಯಿಲೆ ನೋಡುತ್ತಾರೆ. ಫಾರ್ಮಸಿಯವರ ಕಣ್ಣು ಮೊದಲು ‘ದಿನಕ್ಕೆ ಒಂದು’ ಅನ್ನೋ ಜಾಗಕ್ಕೆ ಹೋಗುತ್ತೆ. ನರ್ಸಿಂಗ್‌ನವರು, ಮನೆಗೆ ಹೋದ ಮೇಲೆ ಈ ಮಾತ್ರೆ ತಗೊಳ್ಳುವ ಅಜ್ಜಿಗೆ ಮಾತ್ರೆಯ ದಿನವಾದ ಸೋಮವಾರ ಯಾವುದು ಅಂತ ಯಾರು ನೆನಪಿಸುತ್ತಾರೆ ಅಂತ ಕೇಳುತ್ತಾರೆ. ಮೂರೂ ಪ್ರಶ್ನೆ ಒಂದೇ ಮೇಜಿನ ಮೇಲೆ ಬಂದಾಗಲೇ ಆ ಚೀಟಿ ಸರಿಹೋಗೋದು. ಇದಕ್ಕೆ ದೊಡ್ಡ ಹಾಲ್ ಬೇಡ. ಆರೇಳು ಜನ, ಒಂದು ಚೀಟಿ, ಒಂದು ಗಂಟೆ ಸಾಕು.

ಸಾರ್ವಜನಿಕ ಆರೋಗ್ಯ
ವೃತ್ತಿಗಳ ನಡುವೆ ಈ ಗೋಡೆಗಳು ಎದ್ದಿದ್ದು ಹೇಗೆ ಅನ್ನೋದನ್ನೂ ನೋಡಬೇಕು. ಅಮೆರಿಕದಲ್ಲಿ 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ವರದಿ ಬಂತು. ಮೆಡಿಕಲ್ ಕಾಲೇಜುಗಳು ವಿಶ್ವವಿದ್ಯಾಲಯದೊಳಗೆ ಬರಬೇಕು, ಲ್ಯಾಬ್ ಇರಬೇಕು ಅಂತ ಅದು ಹೇಳಿತು. 1915ರಲ್ಲಿ ವೆಲ್ಚ್ ಮತ್ತು ರೋಸ್ ಅವರ ವರದಿ ಸಾರ್ವಜನಿಕ ಆರೋಗ್ಯಕ್ಕೆ ಬೇರೆ ಶಾಲೆ ಕೇಳಿತು. 1923ರಲ್ಲಿ ಗೋಲ್ಡ್‌ಮಾರ್ಕ್ ವರದಿ ನರ್ಸಿಂಗ್ ಬಗ್ಗೆ ಬಂತು. ಒಂದೊಂದೂ ತನ್ನ ವೃತ್ತಿಗೆ ಒಳ್ಳೆಯದನ್ನೇ ಮಾಡಿತು. ಆದ್ರೆ ಮೂರೂ ಬೇರೆ ಬೇರೆ ದಾರಿ ಹಿಡಿದವು. ಫ್ಲೆಕ್ಸ್‌ನರ್ ವರದಿಗೆ ಸರಿಯಾಗಿ ನೂರು ವರ್ಷ ಆದಾಗ, 2010ರಲ್ಲಿ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಇದನ್ನೇ ಎತ್ತಿ ತೋರಿಸಿತು. ವೃತ್ತಿಗಳು ತಮ್ಮ ತಮ್ಮ ಗುಂಪಿನೊಳಗೇ ಉಳಿದುಬಿಟ್ಟಿವೆ ಅಂತ ಬರೆಯಿತು.

ಫ್ಲೆಕ್ಸ್‌ನರ್ ವರದಿಯಿಂದ ಆದ ಹಾನಿಯನ್ನೂ ಮರೆಯಬಾರದು. ಕರಿಯರಿಗಾಗಿ ಇದ್ದ 7 ಮೆಡಿಕಲ್ ಕಾಲೇಜುಗಳಲ್ಲಿ 5 ಮುಚ್ಚಿದವು. ಹೋವರ್ಡ್ ಮತ್ತು ಮೆಹಾರಿ ಮಾತ್ರ ಉಳಿದವು. ಗುಣಮಟ್ಟ ಅಂತ ನಿಯಮ ಬಿಗಿ ಮಾಡುವಾಗ ಬಾಗಿಲು ಯಾರಿಗೆ ಮುಚ್ಚುತ್ತಿದೆ ಅಂತ ಸರ್ಕಾರಿ ವಿಶ್ವವಿದ್ಯಾಲಯ ಆದ್ರೂ ನೋಡಲೇಬೇಕು.

ಮೆಡಿಕಲ್ ಮೂರನೇ ವರ್ಷ
ಇತಿಹಾಸ ಒಪ್ಪಿದೆ. ಆದ್ರೆ ಪುರಾವೆ ಎಲ್ಲಿ? ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ ಜಂಟಿ ಕಲಿಕೆಯ ಬಗ್ಗೆ 2013ರಲ್ಲಿ ಬಂತು, ಅದರಲ್ಲಿ 15 ಅಧ್ಯಯನಗಳು ಇದ್ದವು. 7ರಲ್ಲಿ ಒಳ್ಳೆಯ ಫಲಿತಾಂಶ, 4ರಲ್ಲಿ ಮಿಶ್ರ, 4ರಲ್ಲಿ ಏನೂ ವ್ಯತ್ಯಾಸ ಇಲ್ಲ. ಇಷ್ಟನ್ನು ಇಟ್ಟುಕೊಂಡು ಎಲ್ಲರಿಗೂ ಕಡ್ಡಾಯ ಮಾಡೋದು ಸರಿನಾ?

ನರ್ಸಿಂಗ್ ಟೀಚರ್
ಒಳ್ಳೆಯ ಪ್ರಶ್ನೆ. ಆ 15ರಲ್ಲಿ ಒಂದೊಂದರ ರೀತಿಯೂ ಬೇರೆ, ಅಳೆದದ್ದೂ ಬೇರೆ. ಹಾಗಾಗಿ ‘ಜಂಟಿ ಕಲಿಕೆ’ ಅಂತ ಒಂದೇ ಹೆಸರಿಟ್ಟು ಹೌದು, ಇಲ್ಲ ಅನ್ನೋಕೆ ಆಗಲ್ಲ. ಯಾವ ರೀತಿಯದು ಅಂತ ಕೇಳಬೇಕು.

ನಾನು ಕಲಿಸುವ ಒಂದು ವಿಷಯ ಹೇಳ್ತೀನಿ. ರೋಗಿಯ ಸ್ಥಿತಿ ಕೆಟ್ಟಾಗ ನರ್ಸ್ ಡಾಕ್ಟರ್‌ಗೆ ಫೋನ್ ಮಾಡುವ ಕ್ರಮ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದ ಈ ಪದ್ಧತಿಗೆ ಎಸ್‌ಬಿಎಆರ್ ಅಂತಾರೆ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತೆ, ಏನು ಮಾಡಬೇಕು, ಹೀಗೆ ನಾಲ್ಕು ಹಂತ; ಅವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಎಸ್‌ಬಿಎಆರ್. ಮೊದಲ ಎರಡನ್ನು ನಮ್ಮ ವಿದ್ಯಾರ್ಥಿಗಳು ಚೆನ್ನಾಗಿ ಹೇಳುತ್ತಾರೆ. ಮೂರನೆಯದಕ್ಕೆ ದನಿ ಇಳಿಯುತ್ತೆ. ನಾಲ್ಕನೆಯದು ಬಾಯಿಂದ ಹೊರಡುವುದೇ ಇಲ್ಲ. ‘ಬಿಪಿ 80ಕ್ಕೆ ಇಳಿದಿದೆ, ರಕ್ತಸ್ರಾವ ಇರಬೇಕು ಅನ್ನಿಸುತ್ತೆ, ನೀವು ಈಗಲೇ ಬಂದು ನೋಡಬೇಕು’ ಅಂತ ಡಾಕ್ಟರ್‌ಗೆ ನೇರವಾಗಿ ಹೇಳೋದು ಬರೀ ನರ್ಸಿಂಗ್ ಕ್ಲಾಸಿನಲ್ಲಿ ಅಭ್ಯಾಸ ಆಗಲ್ಲ. ಫೋನಿನ ಆ ಕಡೆ ನಿಜವಾಗಲೂ ಮೆಡಿಕಲ್ ವಿದ್ಯಾರ್ಥಿ ಇರಬೇಕು. ಅವರೂ ಸಿಟ್ಟಾಗದೆ ಕೇಳಿಸಿಕೊಳ್ಳೋದನ್ನು ಅಲ್ಲೇ ಕಲಿಯಬೇಕು.

ಫಿಸಿಯೋ
ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯ ಇದನ್ನು ಇನ್ನೂ ಮುಂದಕ್ಕೆ ತಗೊಂಡು ಹೋಗಿದೆ. ಅದೂ ಸರ್ಕಾರಿಯೇ. 1986ರಲ್ಲಿ ಆರೋಗ್ಯ ವಿಭಾಗಗಳನ್ನೆಲ್ಲ ಒಟ್ಟು ಮಾಡಿ ಜಂಟಿ ಕಲಿಕೆ ಶುರು ಮಾಡಿದರು. 1996ರಲ್ಲಿ ಮೂಳೆ ವಿಭಾಗದಲ್ಲಿ ವಿದ್ಯಾರ್ಥಿಗಳೇ ನಡೆಸುವ ತರಬೇತಿ ವಾರ್ಡ್ ತೆರೆದರು. ಮೆಡಿಕಲ್, ನರ್ಸಿಂಗ್, ಫಿಸಿಯೋ ವಿದ್ಯಾರ್ಥಿಗಳು ಅಲ್ಲಿ ಒಂದು ತಂಡ. ಸೊಂಟದ ಮೂಳೆ ಆಪರೇಷನ್ ಆದವರು ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನೋದು ನನ್ನ ಪ್ರಶ್ನೆ. ಬೆಳಗ್ಗೆ ಅವರನ್ನು ಸ್ನಾನಕ್ಕೆ ಎಬ್ಬಿಸುವವರಿಗೆ ಆ ಉತ್ತರ ಗೊತ್ತಿಲ್ಲದಿದ್ರೆ ನಾನು ಫೈಲಲ್ಲಿ ಬರೆದು ಏನು ಪ್ರಯೋಜನ? ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದರೆ ಇದು ತಾನಾಗೇ ಗೊತ್ತಾಗುತ್ತೆ.

ಮೆಡಿಕಲ್ ಮೂರನೇ ವರ್ಷ
ವಾರ್ಡ್ ಅಂದ್ರೆ ನಾನೂ ಬರ್ತೀನಿ. ಆದ್ರೆ ಎರಡು ಷರತ್ತು. ಇದಕ್ಕೆ ಮಾರ್ಕ್ಸ್ ಇರಬೇಕು, ಇಲ್ಲಾಂದ್ರೆ ಪರೀಕ್ಷೆ ಹತ್ತಿರ ಬಂದಾಗ ಒಬ್ಬರೂ ಇರಲ್ಲ. ಹಾಗೇ ಎಲ್ಲ ಕಾಲೇಜಿನವರಿಗೂ ಒಂದೇ ದಿನ ಬಿಡುವು ಸಿಗಬೇಕು.

ಫಾರ್ಮಸಿ ಓದಿದವಳು
ಎರಡನೆಯದೇ ಕಷ್ಟ. ಒಂದೊಂದು ವೃತ್ತಿಗೂ ಬೇರೆ ಮಂಡಳಿ, ಬೇರೆ ಗಂಟೆಗಳ ಲೆಕ್ಕ, ಬೇರೆ ಪರೀಕ್ಷೆ. ಆದ್ರೆ ಕಾಲೇಜುಗಳೆಲ್ಲ ಒಂದೇ ವಿಶ್ವವಿದ್ಯಾಲಯದ್ದಾದ್ರೆ ಟೈಮ್‌ಟೇಬಲ್ ಹಾಕೋದು ಅವರ ಕೈಯಲ್ಲೇ ಇದೆ ಅಲ್ವಾ? ವಾರಕ್ಕೆ ಒಂದು ಮಧ್ಯಾಹ್ನ ಎಲ್ಲರಿಗೂ ಖಾಲಿ ಬಿಡಲಿ. ಅಲ್ಲಿಂದ ಶುರು ಮಾಡೋಣ.

ರೋಗಿಯ ಮಗಳು
ನಾನು ಈ ಕ್ಷೇತ್ರದವಳಲ್ಲ, ಸುಮ್ನೆ ಓದ್ತಾ ಇದ್ದೆ. ವಿದ್ಯಾರ್ಥಿಗಳು ವಾರ್ಡ್ ನಡೆಸುವಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?

ಫಿಸಿಯೋ
ಅಂಥ ವಾರ್ಡಿನಲ್ಲಿ ಹೊಣೆ ನೋಂದಾಯಿತ ಡಾಕ್ಟರ್ ಮತ್ತು ನರ್ಸ್‌ಗಳದ್ದೇ. ವಿದ್ಯಾರ್ಥಿಗಳು ಯೋಜನೆ ಮಾಡ್ತಾರೆ, ಇವರು ನೋಡಿ ಒಪ್ಪಿದ ಮೇಲೇ ರೋಗಿಯ ಹತ್ತಿರ ಹೋಗೋದು. ಹಾಗಾಗಿ ಇಂಥ ವಾರ್ಡಿಗೆ ಮೇಲ್ವಿಚಾರಣೆ ಮಾಡುವ ಸಿಬ್ಬಂದಿ ಜಾಸ್ತಿ ಬೇಕು. ಬಜೆಟ್ ಕೇಳುವಾಗ ಮೊದಲ ಸಾಲಿನಲ್ಲೇ ಅದನ್ನು ಬರೆಯಬೇಕು.