ಹಳೇ ಟ್ರ್ಯಾಕ್ಟರನ್ನು ‘ಹದಕ್ಕೆ ತರೋದು’: ಈ ಬಳಕೆ ನಿಮ್ಮ ಕಡೆ ಇದೆಯಾ?

ಗೆಳೆಯರೇ,

ಒಂದು ಪದದ ಬಗ್ಗೆ ಕೇಳಬೇಕಿತ್ತು. ಕಳೆದ ದೀಪಾವಳಿ ರಜೆಯಿಂದ ನಾನು, ಅಪ್ಪ, ಅಕ್ಕ, ಅಕ್ಕನ ಮಗಳು ಸೇರಿ ಕೊಟ್ಟಿಗೆಯಲ್ಲಿ ಸುಮ್ನೆ ನಿಂತಿದ್ದ ಹಳೇ ಐಷರ್ ಟ್ರ್ಯಾಕ್ಟರಿನ ಕೆಲಸ ಹಿಡಿದೆವು. ಊರು ತಿಪಟೂರಿನ ಹತ್ತಿರ. ಒಂದೇ ಸಿಲಿಂಡರ್, ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ತಣಿಯುವ ಗಾಡಿ. ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರ್ ತಯಾರಾಗಲು ಶುರುವಾಗಿದ್ದು 1959ರಲ್ಲಿ. ನಮ್ಮದು ಅದಕ್ಕಿಂತ ಎಷ್ಟೋ ಈಚಿನದು, ಆದರೂ ನನಗಿಂತ ಹಿರಿಯದು. ತೆಂಗಿನ ಸಾಲಿನ ನಡುವೆ ಸಲೀಸಾಗಿ ತಿರುಗುತ್ತೆ ಅಂತ ಅಪ್ಪ ಅದನ್ನು ಮಾರಿರಲಿಲ್ಲ.

ದಿನಾ ಏನೇನು ಮಾಡಿದೆವು ಅನ್ನೋದನ್ನು ಅಕ್ಕನ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. “ಮಾವ, ರೆಸ್ಟೋರ್ ಮಾಡೋದು ಅನ್ನೋದಕ್ಕೆ ನಮ್ಮ ಮಾತೇನು? ಮೇಲೆ ಹೆಸರು ಬರೀಬೇಕು” ಅಂದಳು. ರಿಪೇರಿ ಅಂದೆ. ಅವಳು ಒಪ್ಪಲಿಲ್ಲ. ಪಂಕ್ಚರ್ ಹಾಕಿಸಿದರೂ ರಿಪೇರಿಯೇ ಅಲ್ವಾ ಅಂದಳು. ಸರಿ ಅನ್ನಿಸಿತು. ‘ದುರಸ್ತಿ’ಯೂ ಅಷ್ಟೇ, ಹೆಚ್ಚೆಂದರೆ ರಸ್ತೆಗೆ, ಛಾವಣಿಗೆ. ‘ಜೀರ್ಣೋದ್ಧಾರ’ ಗುಡಿಗಾಯಿತು. ‘ಪುನಶ್ಚೇತನ’ ಅಂದರೆ ಪೇಪರಿನಲ್ಲಿ ಕೆರೆ ನೆನಪಾಗುತ್ತೆ. ಸಿಲಿಂಡರಿನ ಒಳಗೋಡೆ ಸವೆದರೆ ಮೆಕ್ಯಾನಿಕ್‌ಗಳು ‘ಇಂಜಿನ್ ಬೋರಿಗೆ ಬಂದಿದೆ, ಬಿಚ್ಚಿ ಕಟ್ಟಬೇಕು’ ಅಂತಾರೆ. ಚೆಂದದ ಮಾತು, ಆದರೆ ಅದು ಇಂಜಿನ್ನಿಗಷ್ಟೇ ಸಾಕು, ಇಡೀ ಗಾಡಿಗೆ ಸಾಲದು.

ಕೊನೆಗೆ ಮಾತು ಸಿಕ್ಕಿದ್ದು ಅಪ್ಪನ ಬಾಯಲ್ಲಿ. ಪಿಸ್ಟನ್ ತುಕ್ಕಿಗೆ ಹಿಡಿದುಕೊಂಡಿತ್ತು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಒಳಗೆ ಡೀಸೆಲ್ ಜೊತೆ ಒಂದಿಷ್ಟು ಆಯಿಲ್ ಸುರಿದು ನಾಲ್ಕು ದಿನ ಬಿಟ್ಟೆವು. ಆಮೇಲೆ ಚಕ್ರದ ಜೊತೆ ಇಂಜಿನ್ನೂ ತಿರುಗಲಿ ಅಂತ ಟಾಪ್ ಗೇರಿಗೆ ಹಾಕಿ ನಾಲ್ಕೂ ಜನ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ತೂಗಿದೆವು. ಎಷ್ಟೋ ಹೊತ್ತಿನ ಮೇಲೆ ಒಳಗೆ ‘ಟಕ್’ ಅಂತ ಸಣ್ಣ ಸದ್ದು, ಚಕ್ರ ಒಂದು ಗೇಣು ಉರುಳಿತು. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದ್ದರೆ ಇಂಜಿನ್ ಹತ್ತೋದಿಲ್ಲ, ಆ ಏರ್ ತೆಗೆಯುವ ಕೆಲಸ ಅಕ್ಕನದು. ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರೋ ತನಕ ಪಂಪ್ ಒತ್ತುತ್ತಲೇ ಇದ್ದಳು. ಇಂಜಿನ್ ‘ಡುಗ್ ಡುಗ್’ ಅಂದ ಕೂಡಲೇ ನಾವೆಲ್ಲ ಚಪ್ಪಾಳೆ ಹೊಡೆದೆವು. ಅಪ್ಪ ಮಾತ್ರ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ ಕೇಳುತ್ತಾ ನಿಂತಿದ್ದರು. “ತಡೀರಿ, ಇನ್ನೂ ಹದಕ್ಕೆ ಬಂದಿಲ್ಲ” ಅಂದರು.

ಇದೇ ಮಾತು ಅಲ್ವಾ ನಾವು ಹುಡುಕ್ತಾ ಇದ್ದದ್ದು! ‘ಹದಗೆಟ್ಟಿದೆ’ ಅಂತ ದಿನಾ ಅಂತೀವಿ. ರಸ್ತೆ ಹದಗೆಡುತ್ತೆ, ಆರೋಗ್ಯ ಹದಗೆಡುತ್ತೆ. ಕೆಟ್ಟ ಹದವನ್ನು ವಾಪಸ್ ತರೋದಕ್ಕೆ ಮಾತ್ರ ಬೇರೆ ಕಡೆ ಪದ ಹುಡುಕುತ್ತೀವಿ. ‘ಹದಕ್ಕೆ ತರೋದು’ ಅಂದರೆ ಹೊಸದು ಮಾಡೋದಲ್ಲ. ಆ ವಸ್ತುವಿಗೆ ತನ್ನದೇ ಆದ ಒಂದು ಸರಿಯಾದ ಸ್ಥಿತಿ ಇತ್ತು, ಅದಕ್ಕೆ ಮರಳಿ ತರೋದು. ಹಳೇ ಬೋಲ್ಟನ್ನೇ ಉಜ್ಜಿ ಹಾಕಿದ್ದು, ಹಳೇ ಸೀಟನ್ನೇ ಉಳಿಸಿಕೊಂಡಿದ್ದು ಎಲ್ಲ ಅದರಲ್ಲಿ ಬರುತ್ತೆ. ರಿಪೇರಿಯಲ್ಲಿ ಈ ಅರ್ಥ ಇಲ್ಲ.

ಪದದ ಹಿನ್ನೆಲೆಯೂ ಇದಕ್ಕೆ ಹೊಂದುತ್ತೆ. ಹಳಗನ್ನಡದ ‘ಪದ’, ‘ಪದನ್’ ನಮ್ಮಲ್ಲಿ ಪಕಾರ ಹಕಾರವಾಗಿ ‘ಹದ’, ‘ಹದನ’ ಆಯಿತು. ಶಬ್ದ ಅನ್ನೋ ಅರ್ಥದ ಸಂಸ್ಕೃತದ ‘ಪದ’ ಬೇರೆ, ಇದು ಬೇರೆ. ತಮಿಳಿನಲ್ಲಿ ‘ಪದಂ’, ತೆಲುಗಿನಲ್ಲಿ ‘ಪದನು’ ಇದೇ ಬಳಗದವು. ತೆಲುಗಿನ ‘ಪದನು’ಗೆ ಮಣ್ಣಿನ ಹದ, ಕತ್ತಿಯ ಹರಿತ ಎರಡೂ ಅರ್ಥ ಇದೆ. ನಮ್ಮಲ್ಲಿ ಬೆಲ್ಲದ ಪಾಕಕ್ಕೆ ಹದ ಇದೆ, ಮುದ್ದೆಗೆ ಹದ ಇದೆ, ತೊಗಲನ್ನು ಹದ ಮಾಡ್ತಾರೆ. ಇಷ್ಟೆಲ್ಲ ಕೈಕೆಲಸಕ್ಕೆ ಒದಗಿದ ಮಾತು ಯಂತ್ರಕ್ಕೆ ಯಾಕೆ ಬೇಡ?

ಭರಣಿ ಮಳೆ ಆದ ಮೂರನೇ ದಿನ ಗಾಡಿಯನ್ನು ತೋಟಕ್ಕೆ ಇಳಿಸಿದೆವು. ಹೋಗುವ ಮುಂಚೆ ಅಪ್ಪ ಒಂದು ಹಿಡಿ ಮಣ್ಣು ತೆಗೆದು ಅದುಮಿ ಉಂಡೆ ಮಾಡಿ ಕೆಳಗೆ ಬಿಟ್ಟರು. ಉಂಡೆ ಅಂಟಿಕೊಳ್ಳದೆ ಪುಡಿಯಾಯಿತು. “ಹದ ಐತೆ, ನಡೀರಿ” ಅಂದರು. ಕಲ್ಟಿವೇಟರ್ ಇಳಿಸಿ ಎರಡು ಸಾಲು ಉತ್ತ ಮೇಲೆ ಇಂಜಿನ್ ಸದ್ದು ಕೇಳಿ, “ಇದೂ ಈಗ ಹದಕ್ಕೆ ಬಂತು” ಅಂದರು. ಮಣ್ಣಿಗೂ ಇಂಜಿನ್ನಿಗೂ ಅವರಿಗೆ ಒಂದೇ ಮಾತು.

ಈಗ ನನ್ನ ಪ್ರಶ್ನೆ. ಯಂತ್ರ, ಗಾಡಿ, ಗಡಿಯಾರ, ಪಂಪ್‌ಸೆಟ್ಟಿಗೆ ‘ಹದಕ್ಕೆ ತರು’ ಅನ್ನೋ ಬಳಕೆಯನ್ನು ನೀವು ಬೇರೆ ಕಡೆ ಕೇಳಿದ್ದೀರಾ? ಅಥವಾ ಇದು ನಮ್ಮಪ್ಪ ಉಳುಮೆಯ ಮಾತನ್ನು ಗಾಡಿಗೆ ಹಚ್ಚಿದ್ದಾ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಅವರು ಹೇಳಿದ ಪೂರ್ತಿ ವಾಕ್ಯವನ್ನೇ ಬರೆದರೆ ಇನ್ನೂ ಒಳ್ಳೆಯದು. ನಾಮಪದವಾಗಿ ‘ಹದಗಾರಿಕೆ’ ಅಂತ ಮಾಡಬಹುದಾ ಅನ್ನೋದು ಅಕ್ಕನ ಮಗಳ ಪ್ರಶ್ನೆ. ನನಗೆ ಅದು ತೊಗಲು ಹದ ಮಾಡೋ ಕಡೆಗೆ ಜಾಸ್ತಿ ವಾಲುತ್ತೆ ಅನ್ನಿಸುತ್ತೆ. ನೋಟ್‌ಬುಕ್ಕಿನ ಮೇಲೆ ಹೆಸರಿನ ಜಾಗ ಇನ್ನೂ ಖಾಲಿ ಇದೆ.