ದಕ್ಷಿಣ ಗೋವಾದ ಗುಡ್ಡ-ಕಾಡುಗಳಲ್ಲಿ ಮೌಂಟನ್ ಬೈಕ್: ಮಳೆ ನಿಂತ ಮೇಲೆ ಯಾವ ದಾರಿ ಹಿಡಿಯಬೇಕು?

ಪ್ರಶ್ನೆ (ವೆರ್ಣಾದಿಂದ)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವನು. ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷಗಳಾದವು. ಕಳೆದ ವರ್ಷ 29 ಇಂಚಿನ ಚಕ್ರಗಳಿರುವ, ಮುಂಭಾಗದಲ್ಲಿ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸೈಕಲ್ಲೊಂದನ್ನು ಕೊಂಡಿದ್ದೇನೆ. ಮೇ ತಿಂಗಳಲ್ಲಿ ಕಾಬೊ ದ ರಾಮ ಕೋಟೆಯ ಹತ್ತಿರದ ಕಲ್ಲುಬಯಲಿನಲ್ಲಿ ಇದೇ ಸೈಕಲ್ ಏರಿ ಯಾವ ತೊಂದರೆಯೂ ಇಲ್ಲದೆ ಅಡ್ಡಾಡಿದ್ದೆ. ಜೂನ್ ಮಧ್ಯದಲ್ಲಿ ಅದೇ ಬಯಲಿಗೆ, ಅದೇ ಧೈರ್ಯದಿಂದ ಹೋದಾಗ ಮುಂದಿನ ಚಕ್ರ ಸೋಪಿನ ಮೇಲೆ ಇಟ್ಟಂತೆ ಜಾರಿತು. ಎಡ ಮೊಣಕೈಯ ಚರ್ಮ ಸುಲಿದು, ಹಿಂದಿನ ಗಿಯರ್ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿ, ಮುಖ್ಯರಸ್ತೆಯವರೆಗೆ ಸೈಕಲ್ ತಳ್ಳಿಕೊಂಡೇ ಬರಬೇಕಾಯಿತು. ವೇಗವೇನೂ ಹೆಚ್ಚಿರಲಿಲ್ಲ, ಆದ್ದರಿಂದ ಬಿದ್ದದ್ದೇಕೆ ಎಂಬುದು ಇನ್ನೂ ತಿಳಿದಿಲ್ಲ.

ಮಳೆ ನಿಂತ ಮೇಲೆ ಕರಾವಳಿಯಿಂದ ಒಳನಾಡಿನ ಕಾಡಿನತ್ತ ಹೋಗಬೇಕೆಂದಿದ್ದೇನೆ. ನೇತ್ರಾವಳಿ, ಖೋತಿಗಾಂವ್ ಮತ್ತು ದೂಧಸಾಗರ ನನ್ನ ಮನಸ್ಸಿನಲ್ಲಿರುವ ಜಾಗಗಳು. ಯಾವ ತಿಂಗಳಿನಿಂದ ಹೊರಡಬಹುದು, ಅಭಯಾರಣ್ಯಗಳ ಒಳಗೆ ಸೈಕಲ್ಲಿಗೆ ಅವಕಾಶವಿದೆಯೇ, ನನ್ನಂಥ ನಡುವಯಸ್ಸಿನ ಹೊಸಬನಿಗೆ ಎಲ್ಲಿಂದ ಆರಂಭಿಸುವುದು ಉಚಿತ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಡಗಾಂವ್‌ನಿಂದ, ಮೂಲ ಅಂಕೋಲಾ)

ತಾವು ಬಿದ್ದದ್ದಕ್ಕೆ ವೇಗವೂ ಕಾರಣವಲ್ಲ, ಸೈಕಲ್ಲೂ ಕಾರಣವಲ್ಲ, ತಿಂಗಳು ಕಾರಣ. ಆ ಬಯಲೆಲ್ಲ ನಮ್ಮ ಕಡೆ ಚಿರೇಕಲ್ಲು ಎನ್ನುವ ಜಂಬಿಟ್ಟಿಗೆ. ಇಲ್ಲಿಯವರು ಇಂಥ ಬಯಲನ್ನು ಸಡಾ ಎನ್ನುತ್ತಾರೆ. 1800ರಲ್ಲಿ ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗೆ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು, ಗಾಳಿ-ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಬೇಸಿಗೆಯಲ್ಲಿ ಇದರ ಮೈ ಉಪ್ಪುಕಾಗದದಂತೆ ಟೈರನ್ನು ಹಿಡಿದುಕೊಳ್ಳುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದರ ತೂತುಗಳಲ್ಲಿ ನೀರು ನಿಂತು, ಮೇಲೆ ಕಣ್ಣಿಗೆ ಸರಿಯಾಗಿ ಕಾಣದ ಕಪ್ಪು-ಹಸಿರು ಪಾಚಿ ಕಟ್ಟುತ್ತದೆ. ಟೈರಿನ ಹಲ್ಲು ಎಷ್ಟು ಆಳವಿದ್ದರೂ ಪಾಚಿಯ ಮೇಲೆ ಅದು ಕಚ್ಚುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಡಾಗಳ ಮೇಲೆ ನಾನು ಕಾಲ್ನಡಿಗೆಯಲ್ಲಿ ಮಾತ್ರ ಹೋಗುತ್ತೇನೆ. ಆ ದಿನಗಳಲ್ಲಿ ಕಲ್ಲಿನ ಬಿರುಕುಗಳಲ್ಲಿ ಅರಳುವ ಸಣ್ಣ ಹೂಗಳ ಮೇಲೆ ಚಕ್ರ ಹಾಯಿಸಲು ಮನಸ್ಸೂ ಬರುವುದಿಲ್ಲ.

ಅಕ್ಟೋಬರ್ ಎರಡನೆಯ ಭಾಗದಲ್ಲಿ ಪಾಚಿ ಒಣಗಿ ಸಿಪ್ಪೆಯಂತೆ ಏಳುತ್ತದೆ. ಆದರೆ ಕಾಡಿನ ನೆರಳಿನ ದಾರಿಗಳು ಅಷ್ಟು ಬೇಗ ಒಣಗುವುದಿಲ್ಲ. ಕೆಂಪು ಮಣ್ಣು ಚಕ್ರಕ್ಕೂ ಫ್ರೇಮಿಗೂ ನಡುವೆ ಹಿಟ್ಟಿನಂತೆ ತುಂಬಿ ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಆದ್ದರಿಂದ ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ದಿನಗಳೇ ಉತ್ತಮ. ಫೆಬ್ರವರಿಯ ನಂತರ ಬೇರೊಂದು ತೊಡಕು ಬರುತ್ತದೆ: ಗೇರು ತೋಟಗಳ ಕಾಲುದಾರಿಗಳ ಮೇಲೆ ಒಣಗಿದ ದಪ್ಪ ಎಲೆಗಳು ಗೇಣುದ್ದ ಬಿದ್ದಿರುತ್ತವೆ, ಅವುಗಳ ಕೆಳಗಿರುವುದು ನೆಲವೋ, ಮುಷ್ಟಿಗಾತ್ರದ ಉರುಟು ಕಲ್ಲೋ, ಚಕ್ರ ಇಳಿಯುವವರೆಗೂ ತಿಳಿಯುವುದಿಲ್ಲ. ಅದು ಹಣ್ಣು ಹೆಕ್ಕುವ, ಆ ಹಣ್ಣಿನಿಂದ ಇಳಿಸುವ ಮದ್ಯವಾದ ಫೆನಿಯ ಭಟ್ಟಿಗಳು ಉರಿಯುವ ಕಾಲವೂ ಹೌದು. ಹೇಳದೆ ಕೇಳದೆ ತೋಟದೊಳಗೆ ನುಗ್ಗಿದರೆ ಬೈಸಿಕೊಳ್ಳುವುದು ನ್ಯಾಯವೇ.

ಮೊದಲ ಸವಾರಿಗೆ ಮಡಗಾಂವ್‌ನಿಂದ ಪಾರೋಡಾ, ಕೆಪೆ, ರಿವಣ ಮಾರ್ಗವಾಗಿ ನೇತ್ರಾವಳಿ ಸೂಕ್ತವೆಂದು ನನ್ನ ಅಭಿಪ್ರಾಯ. ಒಂದು ಕಡೆಗೆ ಸುಮಾರು 40 ಕಿಲೋಮೀಟರ್, ಬಹುಪಾಲು ಡಾಂಬರು ದಾರಿ. ಪಾರೋಡಾದ ರಸ್ತೆ ಮಳೆಗಾಲದಲ್ಲಿ ಕುಶಾವತಿ ನದಿ ಉಕ್ಕಿ ಮುಳುಗುತ್ತದೆ. ಚಳಿಗಾಲದಲ್ಲಿ ಅದೇ ಜಾಗ ಹಸಿರು ಗದ್ದೆಗಳ ನಡುವಿನ ಸಪಾಟು ರಸ್ತೆಯಾಗಿರುತ್ತದೆ. ಕಾಲಿನಲ್ಲಿ ಕಸುವಿದ್ದರೆ ಅಲ್ಲೇ ಚಂದ್ರನಾಥ ಬೆಟ್ಟ ಏರಬಹುದು. ಎತ್ತರ ಸುಮಾರು 350 ಮೀಟರ್ ಮಾತ್ರ, ಆದರೆ ಸಮುದ್ರಮಟ್ಟದಿಂದಲೇ ಏರಬೇಕಾದ್ದರಿಂದ ಯಾವ ರಿಯಾಯಿತಿಯೂ ಇರುವುದಿಲ್ಲ. ರಿವಣದ ಸಮೀಪದ ಉಸಗಾಳಿಮಳದಲ್ಲಿ ಕುಶಾವತಿಯ ದಂಡೆಯ ಜಂಬಿಟ್ಟಿಗೆ ಹಾಸಿನ ಮೇಲೆಯೇ ಆದಿಮಾನವರು ಗೂಳಿಗಳನ್ನೂ ಸುರುಳಿಸುತ್ತಿನ ಚಕ್ರವನ್ನೂ ಕೊರೆದಿದ್ದಾರೆ. ಸೈಕಲ್ಲನ್ನು ರಸ್ತೆಯ ಬದಿಯಲ್ಲೇ ನಿಲ್ಲಿಸಿ ನಡೆದು ಹೋಗಿ ನೋಡಿ. ತಮ್ಮನ್ನು ಬೀಳಿಸಿದ ಕಲ್ಲೇ ಅಲ್ಲಿ ಚಿತ್ರಗಳನ್ನು ಕಾಪಾಡಿಕೊಂಡಿದೆ.

ರಿವಣ, ಸಾಂಗೆ ಕಡೆಯ ಹಳೆಯ ಗಣಿದಾರಿಗಳು ನಕ್ಷೆಯಲ್ಲಿ ಬಹಳ ಆಕರ್ಷಕವಾಗಿ ಕಾಣುತ್ತವೆ. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತಾಗ ಹಲವರು ಅವುಗಳನ್ನು ಸೈಕಲ್ ದಾರಿಯೆಂದೇ ಭಾವಿಸಿದರು. ನನ್ನ ಮಾತು ಕೇಳುವುದಾದರೆ ಅತ್ತ ಹೋಗಬೇಡಿ: ಅದು ಖಾಸಗಿ ಅಥವಾ ಗುತ್ತಿಗೆಯ ಜಾಗ, ನೀರು ತುಂಬಿದ ಹೊಂಡಗಳ ಅಂಚಿನ ಸಡಿಲ ಮಣ್ಣು ಯಾವಾಗ ಕುಸಿಯುತ್ತದೆಂದು ಹೇಳಲಾಗದು.

ಅಭಯಾರಣ್ಯಗಳ ಮಾತು ಇಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಒಳಗಿನ ಪ್ರವೇಶಕ್ಕೆ ಅನುಮತಿ ಬೇಕು. 86 ಚದರ ಕಿಲೋಮೀಟರ್ ವಿಸ್ತಾರದ ಖೋತಿಗಾಂವ್‌ನಲ್ಲಿ ದ್ವಾರದಲ್ಲೇ ವಿಚಾರಿಸಿ, ಶುಲ್ಕ ಕೊಟ್ಟು, ಅವರು ತೋರಿಸಿದ ರಸ್ತೆಯಲ್ಲಿ ಮಾತ್ರ ಸವಾರಿ ಮಾಡಿ. ನೇತ್ರಾವಳಿಯಿಂದ ಖೋತಿಗಾಂವ್‌ಗೆ ಕಾಡಿನೊಳಗಿಂದಲೇ ದಾಟುವ ಯೋಚನೆಯಿದ್ದರೆ ಬಿಟ್ಟುಬಿಡಿ. ದೂಧಸಾಗರವನ್ನೂ ಸೈಕಲ್ ಪಟ್ಟಿಯಿಂದ ತೆಗೆಯಿರಿ. ಕುಳೆಂನಿಂದ ಹೋಗುವುದು ಜೀಪುಗಳ ದಾರಿ, ಹೊಳೆ ದಾಟಬೇಕು, ಧೂಳು ಕುಡಿಯಬೇಕು. ರೈಲು ಹಳಿಯ ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಸಾಹಸವಂತೂ ಬೇಡವೇ ಬೇಡ. 2023ರ ಜುಲೈಯಲ್ಲಿ ಹಳಿ ಹಿಡಿದು ನಡೆದ ಚಾರಣಿಗರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ತಾವೂ ಓದಿರಬಹುದು.

ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ, 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಇಟ್ಟುಕೊಂಡರೆ ಕಲ್ಲಿನ ಮೇಲೆ ಹಿಡಿತ ಹೆಚ್ಚುತ್ತದೆ.

ಉತ್ತರ 2 (ಫೋಂಡಾದಿಂದ, ಮೂಲ ಬೆಳಗಾವಿ)

ಮೇಲಿನ ಹಿರಿಯರ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಕೊನೆಯದೊಂದನ್ನು ಬಿಟ್ಟು. 22 ಪಿಎಸ್‌ಐ ಎಂಬುದು ಟ್ಯೂಬ್‌ಲೆಸ್ ಟೈರಿಗೆ ಸರಿ. ಹೊಸಬರ ಹಾರ್ಡ್‌ಟೇಲ್‌ಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಅಷ್ಟು ಕಡಿಮೆ ಗಾಳಿಯಲ್ಲಿ ಜಂಬಿಟ್ಟಿಗೆಯ ಅಂಚಿಗೆ ಚಕ್ರ ಬಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವಿನ ಹಲ್ಲು ನಟ್ಟಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಟ್ಯೂಬ್ ಇರುವವರು 30ಕ್ಕಿಂತ ಕೆಳಗೆ ಇಳಿಸದಿರುವುದು ಕ್ಷೇಮ.

ಎರಡನೆಯದಾಗಿ, ಕಾಡಿಗೆ ಇಳಿಯುವ ಮೊದಲು ಒಂದು ಘಟ್ಟ ಇಳಿದು ಬ್ರೇಕಿನ ಸ್ವಭಾವ ತಿಳಿದುಕೊಳ್ಳಿ. ಅನ್ಮೋಡ್ ಘಟ್ಟದಲ್ಲಿ ಲಾರಿಗಳು ಹೆಚ್ಚು. ಚೋರ್ಲಾ ನನಗೆ ಮೆಚ್ಚು. ಸುಮಾರು 800 ಮೀಟರ್ ಎತ್ತರದಿಂದ ಕೇರಿ ಎಂಬ ಊರಿನವರೆಗೆ, ಅಂಜುಣೆ ಅಣೆಕಟ್ಟಿನ ನೀರನ್ನು ನೋಡುತ್ತ ಇಳಿಯುವ ದಾರಿ ಅದು. ಮೊದಲ ಸಲ ನಾನು ಹಿಂದಿನ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಇಳಿದೆ. ಅರ್ಧದಾರಿಯಲ್ಲಿ ಸುಟ್ಟ ವಾಸನೆ ಬಂತು, ಲಿವರ್ ಹ್ಯಾಂಡಲ್ ಮುಟ್ಟುವಷ್ಟು ಒಳಗೆ ಹೋಯಿತು. ನಿಲ್ಲಿಸಿ ಡಿಸ್ಕಿನ ಮೇಲೆ ಬಾಟಲಿಯಿಂದ ಒಂದು ಹನಿ ನೀರು ಬಿಟ್ಟಾಗ ಕಾದ ಹೆಂಚಿನ ಮೇಲೆ ಬಿದ್ದಂತೆ ಚುಂಯ್ ಎಂದಿತು. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಬಲವಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ನೇರ ದಾರಿಯಲ್ಲಿ ಪ್ಯಾಡ್ ತಣ್ಣಗಾಗಲು ಸಮಯ ಕೊಡಬೇಕೆಂಬುದನ್ನು ಆ ದಿನ ಕಲಿತೆ.

ಉತ್ತರ 3 (ವಾಳಪೈಯಿಂದ, ಮೂಲ ಸಾಗರ)

ಆರೋಗ್ಯ ಸೇವೆಯಲ್ಲಿರುವವಳಾಗಿ ಒಂದು ಮಾತು ಸೇರಿಸುತ್ತೇನೆ. ಜನವರಿಯವರೆಗಿನ ದಿನಗಳು ಉತ್ತಮವೆಂದು ಮೇಲೆ ಬರೆದಿದ್ದಾರೆ. ದಾರಿಯ ದೃಷ್ಟಿಯಿಂದ ಅದು ನಿಜ. ಆದರೆ ಡಿಸೆಂಬರ್‌ನಿಂದ ಮೇವರೆಗೆ ಉಣುಗುಗಳ (ಉಣ್ಣೆಗಳ) ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2015ರಲ್ಲಿ ನಮ್ಮ ಸತ್ತರಿ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿತು. ಅದನ್ನು ಹರಡುವ ಮರಿ ಉಣುಗು ಸಾಸಿವೆಗಿಂತಲೂ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಬೀಳದೆ ಇದ್ದರೂ ಸವಾರರು ಒಂದು ತಪ್ಪು ಮಾಡುತ್ತಾರೆ: ದಣಿದಾಗ ಸೈಕಲ್ಲನ್ನು ಮರಕ್ಕೆ ಒರಗಿಸಿ ತರಗೆಲೆಗಳ ಮೇಲೆ ಕುಳಿತುಬಿಡುತ್ತಾರೆ. ದಯವಿಟ್ಟು ಬಂಡೆಯ ಮೇಲೋ ರಸ್ತೆಯ ಕಟ್ಟೆಯ ಮೇಲೋ ಕುಳಿತುಕೊಳ್ಳಿ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟನ್ನು ಸೇರಿಸಿ, ಮಲೆನಾಡಿನಲ್ಲಿ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನೋ ಅಂಥದ್ದೇ ಬೇರೆ ಲೇಪನವನ್ನೋ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ತೊಳೆಯಿರಿ. ಒಂದು ವಾರದೊಳಗೆ ದಿಢೀರ್ ಜ್ವರ, ತೀವ್ರ ತಲೆನೋವು, ಮೈನೋವು ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ. ಸತ್ತರಿಯಲ್ಲಿ ಮಂಗ ಸತ್ತ ಸುದ್ದಿ ಬಂದ ವಾರಗಳಲ್ಲಿ ಆ ದಿಕ್ಕಿಗೆ ಹೋಗದಿರುವುದೇ ಲೇಸು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಸೈಕಲ್ಲಿನಲ್ಲಿರುವುದು ಟ್ಯೂಬೇ, ಆದ್ದರಿಂದ 30 ಪಿಎಸ್‌ಐ ಎಂದೇ ಇಟ್ಟುಕೊಳ್ಳುತ್ತೇನೆ. ನವೆಂಬರ್ ಮೂರನೆಯ ಭಾನುವಾರ ರಿವಣದವರೆಗೆ ಹೋಗಿ, ಕೊರೆದ ಚಿತ್ರಗಳನ್ನು ನೋಡಿ ಹಿಂದಿರುಗುವುದೆಂದು ನಿಶ್ಚಯಿಸಿದ್ದೇನೆ; ನೇತ್ರಾವಳಿ ಅದರ ಮುಂದಿನ ಸಲಕ್ಕಿರಲಿ. ಒಂದು ಚಿಕ್ಕ ಸಂದೇಹ ಉಳಿದಿದೆ: ಬಾಗಿದ ಹ್ಯಾಂಗರನ್ನು ಅಂಗಡಿಯವರು ಇಕ್ಕಳದಿಂದ ನೇರ ಮಾಡಿಕೊಟ್ಟಿದ್ದಾರೆ, ಗಿಯರ್ ಸರಿಯಾಗಿ ಬೀಳುತ್ತಿದೆ. ಅದೇ ಸಾಕೇ, ಹೊಸತು ಕೊಳ್ಳಬೇಕೇ?

ಉತ್ತರ 1ರವರಿಂದ ಮತ್ತೆ

ಟ್ಯೂಬಿನ ವಿಷಯದಲ್ಲಿ ಬೆಳಗಾವಿಯವರು ತಿದ್ದಿದ್ದು ಸರಿ, ನಾನು ಟ್ಯೂಬ್‌ಲೆಸ್ ಅಭ್ಯಾಸದಲ್ಲಿ ಬರೆದುಬಿಟ್ಟೆ. ಹ್ಯಾಂಗರ್ ಹೊಸತೇ ಕೊಳ್ಳಿ, ಸಾಧ್ಯವಾದರೆ ಎರಡು. ಒಮ್ಮೆ ಬಾಗಿದ ಅಲ್ಯೂಮಿನಿಯಂ ಎರಡನೆಯ ಪೆಟ್ಟಿಗೆ ಮುರಿಯುತ್ತದೆ, ಮುರಿಯುವಾಗ ಡಿರೇಲರನ್ನು (ಸರಪಳಿಯನ್ನು ಗಿಯರಿನಿಂದ ಗಿಯರಿಗೆ ದಾಟಿಸುವ ಸಾಧನ) ಚಕ್ರದ ಕಡ್ಡಿಗಳೊಳಗೆ ಎಳೆದುಕೊಳ್ಳುತ್ತದೆ. ಪ್ರತಿ ಫ್ರೇಮಿಗೂ ಅದರ ಆಕಾರ ಬೇರೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.