ಪದ ಬೇಕು: ‘ಮಾರ್ಕೆಟ್ ಟೌನ್’ಗೆ ಕನ್ನಡದಲ್ಲಿ ಏನನ್ನೋಣ?

ಮ್ಯಾಂಚೆಸ್ಟರ್‌ನಿಂದ:

ಗೆಳೆಯರೇ, ಸ್ವಲ್ಪ ಅವಸರ ಇದೆ. ಊರಿಂದ ಬಂದಿರುವ ನಮ್ಮ ನಮ್ಮ ಅಪ್ಪ ಅಮ್ಮಂದಿರನ್ನು ಶನಿವಾರ ಉತ್ತರ ವೇಲ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಕಾನ್ವಿ ಹೊಳೆಯ ದಡದ ಹ್ಲಾನ್‌ರೂಸ್ಟ್ ಅನ್ನೋ ಊರು. ಒಂದು ಕಡೆ ಎರರಿ ಬೆಟ್ಟಸಾಲು, ಹೊಳೆಗೆ 1636ರ ಮೂರು ಕಮಾನಿನ ಕಲ್ಲಿನ ಸೇತುವೆ. ಹಿರಿಯರಿಗಾಗಿ ಕನ್ನಡದಲ್ಲೇ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಗುರುವಾರ ರಾತ್ರಿ ಪ್ರಿಂಟಿಗೆ ಕೊಡಬೇಕು.

ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. ‘ಹಳೆಯ ಮಾರ್ಕೆಟ್ ಟೌನ್’ ಅನ್ನುವುದನ್ನು ‘ಮಾರುಕಟ್ಟೆ ಪಟ್ಟಣ’ ಅಂತ ಬರೆದೆ. ನಮ್ಮ ಅತ್ತೆ ಓದಿ, “ಎಪಿಎಂಸಿ ಯಾರ್ಡಿಗೆ ಯಾಕಪ್ಪಾ ಹೋಗೋದು?” ಅಂದರು. ಬೇರೆ ಪದ ಕೊಡಿ.

ಧಾರವಾಡದಿಂದ:

ಕಸಬಾ. ಹೊಸ ಪದ ಹುಟ್ಟಿಸೋ ಅಗತ್ಯವೇ ಇಲ್ಲ. ಎಷ್ಟೋ ತಾಲೂಕುಗಳಲ್ಲಿ ಕಸಬಾ ಹೋಬಳಿ ಇದೆ. ಸುತ್ತಲ ಹಳ್ಳಿಗಳಿಗೆ ನಡುವಿನ ದೊಡ್ಡ ಊರು ಅಂತ ಎಲ್ಲರಿಗೂ ತಿಳಿಯುತ್ತದೆ.

ಬೆಂಗಳೂರಿನಿಂದ:

ಕಸಬಾ ಅರಬ್ಬಿ. ಬೇಡ. ಮಾರುಕಟ್ಟೆಯೇ ಸರಿ. ಮಾರು + ಕಟ್ಟೆ, ಅಚ್ಚ ಕನ್ನಡ. ಅತ್ತೆಯವರಿಗೆ ಏನು ನೆನಪಾಯಿತು ಅನ್ನುವುದರ ಮೇಲೆ ಪದ ಬಿಡುವುದಾದರೆ ನಿಘಂಟೇ ಖಾಲಿಯಾಗುತ್ತದೆ.

ಧಾರವಾಡದಿಂದ:

ಅಚ್ಚ ಕನ್ನಡ ಅಂತ ಹೇಗೆ ಹೇಳ್ತೀರಿ? ಇಂಗ್ಲಿಷಿನ ಮಾರ್ಕೆಟ್ ಬಂದ ಮೇಲೆ ನಾವು ಅದಕ್ಕೆ ಕಟ್ಟೆ ಕಟ್ಟಿದ್ದು ಅನ್ನೋರೂ ಇದ್ದಾರೆ. ಹಳೆಯ ಕಾವ್ಯದಲ್ಲಿ ಒಂದು ಪ್ರಯೋಗ ತೋರಿಸಿ, ಒಪ್ಪುತ್ತೇನೆ.

ಬೆಂಗಳೂರಿನಿಂದ:

ಪುರಾವೆ ಕೊಡಬೇಕಾದವರು ನೀವು, ನಾನಲ್ಲ.

ಹಾಸನದಿಂದ:

ಇಬ್ಬರೂ ಸ್ವಲ್ಪ ತಡೀರಿ. ಗುರುವಾರ ಹತ್ತಿರ ಬರ್ತಾ ಇದೆ.

ಆ ಪದದ ಹುರುಳು ಮೊದಲು ನೋಡೋಣ. ಅಲ್ಲಿ ಮಾರ್ಕೆಟ್ ಟೌನ್ ಅಂದರೆ ಅಂಗಡಿ ಜಾಸ್ತಿ ಇರೋ ಊರು ಅಂತಲ್ಲ. ಗೊತ್ತಾದ ದಿನ ಸಂತೆ ನಡೆಸುವ ಹಕ್ಕು ಇರೋ ಊರು. ಆ ಹಕ್ಕನ್ನು ಅರಸರು ಕೊಡುತ್ತಿದ್ದರು. 1283ರಲ್ಲಿ ಇಂಗ್ಲೆಂಡಿನ ಅರಸ ಒಂದನೇ ಎಡ್ವರ್ಡ್ ಕಾನ್ವಿ ಅನ್ನೋ ಊರಿನಲ್ಲಿ ಕೋಟೆ ಕಟ್ಟಿಸಲು ಶುರು ಮಾಡಿದ. ಆ ಊರಿನ ಸುತ್ತ 10 ಮೈಲಿಯೊಳಗೆ ವೇಲ್ಸ್ ಜನ ವ್ಯಾಪಾರ ಮಾಡಬಾರದು ಅಂತ ಕಟ್ಟು ಮಾಡಿದ. ಹ್ಲಾನ್‌ರೂಸ್ಟ್ ಆ ಗೆರೆಯಿಂದ ಆಚೆಗಿತ್ತು, ಅದಕ್ಕೇ ಅಲ್ಲಿ ಸಂತೆ ಬೆಳೆಯಿತು ಅಂತ ಊರಿನವರು ಹೇಳುತ್ತಾರೆ. ಇದನ್ನು ಹೇಳಲು ಮಾರುಕಟ್ಟೆಗೂ ಆಗಲ್ಲ, ಕಸಬಾಕ್ಕೂ ಆಗಲ್ಲ. ಸಂತೆಗೆ ಆಗುತ್ತದೆ. ನಮ್ಮಲ್ಲಿ ಶನಿವಾರಸಂತೆ, ಸಂತೆಬೆನ್ನೂರು, ಸಂತೆಮರಹಳ್ಳಿ ಎಲ್ಲ ಇಲ್ವಾ? ‘ಸಂತೆಪೇಟೆ’ ಅನ್ನಿ.

ಮೈಸೂರಿನಿಂದ:

ಸಂತೆಪೇಟೆ ತಪ್ಪು. ಮೈಸೂರಿನಲ್ಲಿ ಅದು ಊರೊಳಗಿನ ಒಂದು ಜಾಗ. ಹಾಸನದವರಿಗೂ ಇದು ಗೊತ್ತಿರಬೇಕು.

ಬೆಂಗಳೂರಿನಿಂದ:

ಸಂತೆಯೂ ಸಂಸ್ಕೃತದಿಂದ ಬಂದದ್ದು ಅನ್ನುವ ವಾದ ಇದೆ. ಹೀಗೆ ಒಂದೊಂದೇ ಎರವಲು ಒಳಗೆ ಬಿಟ್ಟುಕೊಂಡರೆ ಕೊನೆಗೆ ನಮ್ಮದು ಅಂತ ಏನು ಉಳಿಯುತ್ತದೆ? ವೇಲ್ಸ್‌ನವರನ್ನು ನೋಡಿ ಕಲಿಯಿರಿ. ಅಲ್ಲಿನ ರಾಷ್ಟ್ರೀಯ ಉದ್ಯಾನದವರು 2022ರಲ್ಲಿ ಸ್ನೋಡನ್ ಅನ್ನೋ ಬೆಟ್ಟದ ಇಂಗ್ಲಿಷ್ ಹೆಸರು ಪಕ್ಕಕ್ಕಿಟ್ಟು ‘ಅರ್ ವಿದ್ವಾ’ ಅಂತಲೇ ಕರೆಯೋದು ಅಂತ ತೀರ್ಮಾನ ಮಾಡಿದರು.

ಹಾಸನದಿಂದ:

ಅದು ಹೆಸರಿನ ಮಾತು. ನನಗೂ ಅದು ಇಷ್ಟ. ಎರವಲಿನ ವಿಷಯದಲ್ಲಿ ಅವರಿಂದ ಕಲಿಯುವುದೇ ಬೇರೆ.

ಮಾರ್ಕೆಟ್ ಟೌನ್‌ಗೆ ವೆಲ್ಶ್‌ನಲ್ಲಿ ‘ತ್ರೇವ್ ವರ್ಖ್ನಾದ್’ ಅನ್ನುತ್ತಾರೆ. ತ್ರೇವ್ ಅಂದರೆ ಊರು. ಎರಡನೆಯದು ‘ಮರ್ಖ್ನಾದ್’, ಲ್ಯಾಟಿನ್ನಿಂದ ಬಂದದ್ದು. ತ್ರೇವ್ ಆದ ಮೇಲೆ ಬಂತು ನೋಡಿ, ಮ ಹೋಗಿ ವ ಆಯಿತು. ನಮ್ಮ ಮೆಲ್ + ಮಾತು ಮೆಲ್ವಾತು ಆದ ಹಾಗೆ! ಸೇತುವೆಗೆ ಅವರು ‘ಪೊಂಟ್’ ಅನ್ನುತ್ತಾರೆ, ಅದೂ ಲ್ಯಾಟಿನ್. ಹ್ಲಾನ್‌ರೂಸ್ಟ್‌ನ ಸೇತುವೆ ಪಕ್ಕದ ಹಳೆಯ ಚಹಾ ಮನೆಯ ಹೆಸರು ‘ತು ಹುಂಟ್ ಇರ್ ಬೊಂಟ್’, ಸೇತುವೆಯ ಆಚೆ ಅಂತ. ಕಣ್ + ಪನಿ ಕಂಬನಿ ಆದಂತೆ ಪೊಂಟ್ ಬೊಂಟ್ ಆಗಿದೆ. ಕ, ತ, ಪ ಗಳಿಗೆ ಗ, ದ, ಬ. ಆದೇಶ ಸಂಧಿಯನ್ನು ಅಷ್ಟು ದೂರದ ಭಾಷೆಯಲ್ಲಿ ಕಂಡು ನನಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ.

ಎರವಲು ಪದಕ್ಕೂ ಅವರು ತಮ್ಮ ಸಂಧಿ ಬಿಡಲಿಲ್ಲ. ಹಾಗಾಗಿ ಅದು ಅವರದೇ ಆಯಿತು. ನಾವು ಮಳೆ + ಕಾಲ ಮಳೆಗಾಲ ಅನ್ನುತ್ತೇವೆ, ಇಂಗ್ಲಿಷಿನ ಕೋಟು ಸೇರಿಸಿ ‘ಮಳೆಗೋಟು’ ಅನ್ನಲ್ಲ. ಸಂಕಟ ಇರೋದು ಇಲ್ಲಿ. ಎಲ್ಲಿಂದ ಬಂತು ಅಂತ ಸುಮ್ನೆ ಜಗಳ ಯಾಕೆ?

ಬೆಂಗಳೂರಿನಿಂದ:

ಎರಡೂ ಭಾಷೆಗೆ ನಂಟಿಲ್ಲ. ಹೋಲಿಕೆ ಆಕಸ್ಮಿಕ.

ಹಾಸನದಿಂದ:

ನಂಟಿದೆ ಅಂತ ನಾನು ಹೇಳಲೇ ಇಲ್ಲ.

ಮೈಸೂರಿನಿಂದ:

ನಮ್ಮಲ್ಲೂ ಎರವಲು ಪದ ಸುಮ್ನೆ ಕೂತಿಲ್ಲ. ಬಸ್ಸು, ಬಸ್ಸಿಗೆ, ಬಸ್ಸಿನಲ್ಲಿ. ಕೊನೆಗೆ ಉಕಾರ ಹತ್ತಿಸಿ, ವಿಭಕ್ತಿ ಹಚ್ಚಿ ನಮ್ಮದು ಮಾಡಿಕೊಂಡಿದ್ದೇವೆ. ಹಾಸನದವರು ಅಷ್ಟು ಕೊರಗಬೇಕಿಲ್ಲ. ಕೈಪಿಡಿಗೆ ‘ಸಂತೆಯೂರು’ ಅಂತ ಹಾಕಿ. ಯಕಾರ ತಾನಾಗೇ ಬರುತ್ತದೆ, ಓದಿದ ಕೂಡಲೇ ಗೊತ್ತಾಗುತ್ತದೆ.

ಮ್ಯಾಂಚೆಸ್ಟರ್‌ನಿಂದ:

ಸಂತೆಯೂರು ಅಂತಲೇ ಹಾಕುತ್ತೇನೆ. ಅತ್ತೆಗೆ ಓದಿ ಹೇಳಿದೆ. “ಯಾವ ವಾರ ಸಂತೆ?” ಅಂತ ಕೇಳಿದರು. ನನಗೆ ಬೇಕಾಗಿದ್ದೂ ಅದೇ.

ಇನ್ನೊಂದು ಉಳಿದಿದೆ. ಹೊಳೆಯ ಆಚೆ ದಡದ ಗ್ವಿಡಿರ್ ಅನ್ನು ಇಂಗ್ಲಿಷಿನಲ್ಲಿ ಕ್ಯಾಸಲ್ ಅನ್ನುತ್ತಾರೆ. ಅದು ಕಾನ್ವಿಯಂಥ ಕೋಟೆ ಅಲ್ಲ, ದೊಡ್ಡ ಮನೆತನದವರು ಇದ್ದ ಭದ್ರವಾದ ಹಳೇ ಮನೆ. ಕೋಟೆ ಅಂತ ಬರೆದರೆ ಹಿರಿಯರು ಬುರುಜು ಹುಡುಕುತ್ತಾರೆ. ಏನನ್ನಲಿ?

ಧಾರವಾಡದಿಂದ:

ವಾಡೆ. ನಮ್ಮ ಕಡೆ ದೇಸಾಯರ ವಾಡೆ ಇದ್ದ ಹಾಗೆ. ಮರಾಠಿಯದ್ದು ಅಂತ ಯಾರಾದರೂ ಶುರು ಮಾಡುವ ಮೊದಲು ಪ್ರಿಂಟಿಗೆ ಕೊಟ್ಟುಬಿಡಿ.